ಹಳ್ಳ, ಹೆದ್ದಾರಿ ಮತ್ತು ನೆರೆಯ ನಕ್ಷೆ

ಬೇಸಗೆಯಲ್ಲಿ ಕಲಬುರಗಿ ನಗರದಿಂದ ಕಮಲಾಪುರಕ್ಕೆ ಹೋಗುವವರು ದಾರಿಯಲ್ಲಿ ಎಷ್ಟು ಹಳ್ಳಗಳನ್ನು ದಾಟಿದೆವೆಂದು ಲೆಕ್ಕವಿಡುವುದಿಲ್ಲ. ಕುರಿಕೋಟೆಯ ಬಳಿಯ ದೊಡ್ಡ ಸೇತುವೆಯೇನೋ ಕಣ್ಣಿಗೆ ಬೀಳುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ರಸ್ತೆಯ ಕೆಳಗೆ ಅಡಗಿರುವ ಮೋರಿಗಳು. ಒಣಗಿದ ಪಾತ್ರ, ಅದರಲ್ಲಿ ಬಳ್ಳಾರಿ ಜಾಲಿಯ ಪೊದೆ, ಮೇಯುತ್ತಿರುವ ನಾಲ್ಕು ಆಡು. ಇದನ್ನು ಕಂಡವರಿಗೆ ನೀರಿನ ನೆನಪು ಬರುವುದಾದರೂ ಹೇಗೆ?

2020ನೆಯ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಸಮೀಪ ದಡವನ್ನು ದಾಟಿ, ತೆಲಂಗಾಣದ ಮೇಲೆ ಹಾದು ನಮ್ಮ ಸೀಮೆಗೆ ಬಂದಿತು. ಆ ವಾರ ಭೀಮಾ ನದಿಗೆ ಬಂದ ಮಹಾಪೂರದ ವಿಷಯ ವಾಚಕರಿಗೆ ನೆನಪಿರಬಹುದು. ನದಿಯ ನೆರೆ ದಿನಗಟ್ಟಲೆ ನಿಲ್ಲುತ್ತದೆ, ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಹಳ್ಳದ ನೆರೆಯಾದರೋ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗಿಬಿಡುತ್ತದೆ. ಅದು ಎಲ್ಲಿಯವರೆಗೆ ಏರಿತ್ತೆಂಬುದಕ್ಕೆ ಗೋಡೆಯ ಮೇಲಿನ ಕೆಸರಿನ ಗೆರೆ, ಜಾಲಿಯ ಕೊಂಬೆಗೆ ಸಿಕ್ಕಿದ ಕಸಕಡ್ಡಿ ಇವೇ ಸಾಕ್ಷಿಗಳು.

ಈ ಸಾಕ್ಷಿಗಳನ್ನು ಹುಡುಕುತ್ತ ನಾವು ಒಮ್ಮೆ ವಿದ್ಯಾರ್ಥಿಗಳೊಡನೆ ಇಂಥದೊಂದು ಹಳ್ಳದ ದಂಡೆಯಲ್ಲಿ ನಡೆದೆವು. ನಮ್ಮ ಬಳಿ ಇದ್ದ ಉಪಕರಣ ಗಾರೆಯವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆ, ಅಷ್ಟೇ. ರಸ್ತೆಯ ಮೇಲ್ಬದಿಯ ಕೆಸರಿನ ಗೆರೆಯನ್ನೂ ಕೆಳಬದಿಯ ಗೆರೆಯನ್ನೂ ಹೋಲಿಸಿ ನೋಡಿದಾಗ ಅವು ಒಂದೇ ಮಟ್ಟದಲ್ಲಿರಲಿಲ್ಲ. ಮೇಲ್ಬದಿಯದು ಮೊಳಕ್ಕೂ ಹೆಚ್ಚು ಎತ್ತರದಲ್ಲಿತ್ತು. ಕೆಲವೇ ಮಾರು ದೂರದಲ್ಲಿ ಹಳ್ಳದ ಇಳಿಜಾರು ಇಷ್ಟೊಂದು ವ್ಯತ್ಯಾಸವನ್ನು ಕೊಡಲಾರದು. ಆ ರಾತ್ರಿ ರಸ್ತೆಯು ಕಟ್ಟೆಯಾಗಿ ನಿಂತಿತ್ತು.

ಏಕೆ ಹೀಗಾಗುತ್ತದೆ? ಒಂದು ಚದರ ಕಿಲೊಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ 1,000 ಘನ ಮೀಟರು ನೀರಾಯಿತು. ಹಳ್ಳವೊಂದರ ಜಲಾನಯನ ಪ್ರದೇಶ 20 ಚದರ ಕಿಲೊಮೀಟರು ಎಂದೂ, ಅಲ್ಲಿ ಒಂದು ಗಂಟೆಯಲ್ಲಿ 50 ಮಿಲಿಮೀಟರು ಮಳೆ ಸುರಿಯಿತೆಂದೂ ಭಾವಿಸೋಣ. ಒಟ್ಟು ಹತ್ತು ಲಕ್ಷ ಘನ ಮೀಟರು. ನಮ್ಮ ಎರೆಭೂಮಿ ಬೇಸಗೆಯಲ್ಲಿ ಬಿರುಕುಬಿಟ್ಟು ಮೊದಲ ಮಳೆಯನ್ನು ಕುಡಿಯುತ್ತದೆ. ಆದರೆ ಒಮ್ಮೆ ನೆನೆದು ಉಬ್ಬಿದರೆ ಬಿರುಕು ಮುಚ್ಚಿಕೊಂಡು, ನೀರನ್ನು ಒಳಕ್ಕೆ ಬಿಡುವುದೇ ಅಪರೂಪ. ಆದ್ದರಿಂದಲೇ ಜೂನಿನ ಮಳೆಗಿಂತ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಅಷ್ಟೇ ಮಳೆ ಹೆಚ್ಚು ಅಪಾಯಕರ. ನೂರರಲ್ಲಿ 60 ಪಾಲು ಹರಿದು, ಒಂದು ಗಂಟೆಯ ಅವಧಿಯಲ್ಲಿ ರಸ್ತೆಯನ್ನು ತಲುಪಿತೆಂದರೆ, ಸೆಕೆಂಡಿಗೆ ಸುಮಾರು 167 ಘನ ಮೀಟರು ನೀರು ಬಂದಂತಾಯಿತು.

ಈಗ ಮೋರಿಯನ್ನು ನೋಡೋಣ. ಮೂರು ಕಂಡಿಗಳು, ಪ್ರತಿಯೊಂದೂ 3 ಮೀಟರು ಅಗಲ, 2 ಮೀಟರು ಎತ್ತರ. ಒಟ್ಟು ತೆರಪು 18 ಚದರ ಮೀಟರು. ಇಷ್ಟೂ ನೀರು ಇದರಲ್ಲಿಯೇ ತೂರಬೇಕಾದರೆ ಅದರ ವೇಗ ಸೆಕೆಂಡಿಗೆ 9 ಮೀಟರಿಗೂ ಮೀರಬೇಕು. ಗೆಲಿಲಿಯೊನ ಶಿಷ್ಯ ಟೊರಿಚೆಲ್ಲಿಯು 1644ರಲ್ಲಿ ಪ್ರಕಟಿಸಿದ ನಿಯಮದಂತೆ, ರಂಧ್ರದಿಂದ ಹೊರಬೀಳುವ ನೀರಿನ ವೇಗವು ಅದರ ಹಿಂದೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಮಡಿಯಾಗಬೇಕು! ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಮ್ಮ ಮೋರಿಗೆ ಬೇಕಾದ ಮಟ್ಟದ ವ್ಯತ್ಯಾಸ ಸುಮಾರು 4.4 ಮೀಟರು. ರಸ್ತೆಯ ಏರಿಯೇ 3 ಮೀಟರು ಎತ್ತರವಿದ್ದರೆ ನೀರು ಅಷ್ಟು ಏರುವ ಮೊದಲೇ ಏರಿಯನ್ನು ಹತ್ತಿ ಹರಿಯುತ್ತದೆ. ಕಂಡಿಗಳು ಸುಮಾರು 80 ಘನ ಮೀಟರನ್ನು ಸಾಗಿಸಿದವು, ಉಳಿದುದು ರಸ್ತೆಯ 100 ಮೀಟರು ಉದ್ದದ ಮೇಲೆ ಹರಡಿ ದಾಟಿತು ಎಂದುಕೊಂಡರೆ, ಅಲ್ಲಿ ಸುಮಾರು 40 ಸೆಂಟಿಮೀಟರು ಆಳದ ನೀರು ಸೆಕೆಂಡಿಗೆ 2 ಮೀಟರು ವೇಗದಲ್ಲಿ ಓಡುತ್ತಿರುತ್ತದೆ.

ಮೊಣಕಾಲು ಮುಳುಗದ ನೀರು, ವಾಹನಕ್ಕೇನು ಭಯವೆಂದು ತೋರಬಹುದು. ಆರ್ಕಿಮಿಡೀಸನನ್ನು ಕೇಳೋಣ. 1,000 ಕಿಲೊಗ್ರಾಂ ತೂಕದ ಸಣ್ಣ ಕಾರಿನ ತಳದ ವಿಸ್ತಾರ ಹೆಚ್ಚುಕಡಿಮೆ 5.8 ಚದರ ಮೀಟರು. ತಳದಿಂದ 17 ಸೆಂಟಿಮೀಟರು ಮೇಲಕ್ಕೆ ನೀರು ಬಂದರೆ ಅದು ತನ್ನ ತೂಕದಷ್ಟು ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ. ನೆಲದಿಂದ ತಳಕ್ಕಿರುವ ಅಂತರ ಮತ್ತೆ 17 ಸೆಂಟಿಮೀಟರು. ಅಂದರೆ 34 ಸೆಂಟಿಮೀಟರು ನೀರಿನಲ್ಲಿ ಕಾರು ದೋಣಿಯಾಗುತ್ತದೆ, ಚುಕ್ಕಾಣಿಯಿಲ್ಲದ ದೋಣಿ. ಬಾಗಿಲಿನ ಸಂದಿಯಿಂದ ನೀರು ಒಳಬಂದು ಭಾರ ಹೆಚ್ಚಲು ಹೊತ್ತು ಬೇಕು. ಪ್ರವಾಹಕ್ಕೆ ಅದನ್ನು ಏರಿಯಿಂದ ಕೆಳಕ್ಕೆ ತಳ್ಳಲು ಅಷ್ಟು ಹೊತ್ತು ಬೇಡ.

ಹಳ್ಳದ ಪಾತ್ರದಲ್ಲಿಯೂ ಒಂದು ತೊಡಕಿದೆ. ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದ ಇಂದಿನ ರೂಪದಲ್ಲಿ ಪಾತ್ರದ ಒರಟುತನಕ್ಕೆ ಒಂದು ಅಂಕವಿದೆ. ಶುಚಿಯಾದ ಮಣ್ಣಿನ ಪಾತ್ರಕ್ಕೆ ಅದು 0.03ರ ಸುಮಾರು, ಜಾಲಿ ಬೆಳೆದು ಹೆಣೆದುಕೊಂಡರೆ 0.07ಕ್ಕೂ ಮೇಲೆ. ಅದೇ ಆಳ, ಅದೇ ಇಳಿಜಾರು ಇದ್ದರೂ ಸಾಗುವ ನೀರು ಅರ್ಧಕ್ಕಿಂತ ಕಡಿಮೆ.

ಹಾಗಾದರೆ ನಕ್ಷೆಯನ್ನು ಬರೆಯುವುದು ಹೇಗೆ? 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಆಕಾಶನೌಕೆಯು ರೇಡಾರಿನಿಂದ ಭೂಮಿಯ ಬಹುಭಾಗದ ಎತ್ತರವನ್ನು ಅಳೆಯಿತು. ಆ ಅಂಕಿಗಳು ಇಂದು ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಜಲಾನಯನದ ಎಲ್ಲೆಯನ್ನು ಗುರುತಿಸಲು ಅವು ಬಹಳ ಉಪಯುಕ್ತ. ಆದರೆ ಅದರ ಒಂದೊಂದು ಚೌಕವೂ 30 ಮೀಟರು. ಎತ್ತರದಲ್ಲಿ ಕೆಲವು ಮೀಟರುಗಳ ತಪ್ಪು ಸಹಜ. ಹೆದ್ದಾರಿಯ ಏರಿ ಅದರಲ್ಲಿ ಕಾಣಿಸದೆ ಹೋಗಬಹುದು; ಕಾಣಿಸಿದರೆ ಕಂಡಿಯಿಲ್ಲದ ಗೋಡೆಯಾಗಿ ಕಾಣಿಸೀತು. 2017ರಲ್ಲಿ ಉದ್ಘಾಟನೆಯಾದ ಬೀದರ-ಕಲಬುರಗಿ ರೈಲುಮಾರ್ಗದ ಏರಿಯಂತೂ ಆ ಅಳತೆಯಾದ ಮೇಲೆ ಬಂದದ್ದು. ಆದುದರಿಂದ ಪ್ರತಿ ಮೋರಿಯ ಅಗಲ, ಎತ್ತರ, ತುಂಬಿದ ಹೂಳು ಇವನ್ನು ಕಾಲ್ನಡಿಗೆಯಲ್ಲಿ ಹೋಗಿಯೇ ಅಳೆಯಬೇಕು. ಮಳೆಯ ಅಂಕಿಗಳಿಗೆ ಕೊರತೆಯಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮಪಂಚಾಯತಿಗಳ ಮಟ್ಟದಲ್ಲಿಯೇ ತಾವಾಗಿ ವರದಿ ಕಳಿಸುವ ಮಳೆಮಾಪಕಗಳಿವೆ.

ಇಷ್ಟಾದ ಮೇಲೆ ನಕ್ಷೆಯಲ್ಲಿ ಗೆರೆಗಳನ್ನು ಎಳೆಯುತ್ತಾರೆ: 25 ವರ್ಷದ ನೆರೆ, 100 ವರ್ಷದ ನೆರೆ, ಹೀಗೆ. ಕೇಂದ್ರ ಜಲ ಆಯೋಗವು 1975ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಮಸೂದೆಯ ಆಶಯವೂ ಇದೇ. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ ಅದನ್ನು ಅನುಸರಿಸಿ ಕಾನೂನು ಮಾಡಿದವು. ಇಲ್ಲಿ 'ನೂರು ವರ್ಷದ ನೆರೆ' ಎಂಬ ಮಾತು ಬಹಳ ಜನರನ್ನು ದಾರಿತಪ್ಪಿಸಿದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವವಿದೆ ಎಂದಷ್ಟೇ ಅರ್ಥ. 30 ವರ್ಷ ಒಂದೇ ಮನೆಯಲ್ಲಿರುವವನು ಅದನ್ನು ಒಮ್ಮೆಯಾದರೂ ಕಾಣುವ ಸಂಭವ ನೂರರಲ್ಲಿ 26.

ಹೆದ್ದಾರಿಯ ಬಳಿ ಈ ಗೆರೆ ಸಮಾನವಾಗಿ ಸಾಗುವುದಿಲ್ಲ. ಮೇಲ್ಬದಿಯಲ್ಲಿ ಹೊಟ್ಟೆಯಂತೆ ಉಬ್ಬುತ್ತದೆ. ಹಳ್ಳದಿಂದ ದೂರ, ರಸ್ತೆಗೆ ಹತ್ತಿರವೆಂದು ಜನ ನಿವೇಶನ ಕೊಳ್ಳುವುದು ಈ ಉಬ್ಬಿನೊಳಗೇ. ನಾವು ಅಳತೆ ಮಾಡಿದ ಸ್ಥಳದಲ್ಲಿಯೂ ಒಂದು ಮನೆಗೆ ಅಡಿಪಾಯ ಏಳುತ್ತಿತ್ತು. ಮನೆಯ ಯಜಮಾನರು ಕೊಳವೆಯ ಒಂದು ತುದಿಯನ್ನು ತಾವೇ ಹಿಡಿದು ನಿಂತರು. ಕೆಸರಿನ ಗೆರೆಯು ಅವರ ಅಡಿಪಾಯಕ್ಕಿಂತ ಒಂದು ಗೇಣು ಮೇಲಿತ್ತು. ಅವರು ಮೇಸ್ತ್ರಿಯನ್ನು ಕರೆದು, ಇನ್ನು ಎಷ್ಟು ವರಸೆ ಕಲ್ಲು ಬೇಕಾದೀತೆಂದು ವಿಚಾರಿಸತೊಡಗಿದರು.