ಬತ್ತಿದ ಮನಕ್ಕೆ ಕೌದಿಯ ಆಸರೆ

ಮಕ್ಕಳನ್ನು ಸಾಕುವ ದಣಿವು ಒಂದು ರಾತ್ರಿಯ ನಿದ್ದೆಯಿಂದ ಕಳೆಯುವುದೆಂಬುದು ಸಾಮಾನ್ಯ ನಂಬುಗೆ. ಕಳೆಯದ ದಣಿವೂ ಒಂದುಂಟು. ಎಡೆಬಿಡದ ಆರೈಕೆಯಲ್ಲಿ ಮನಸ್ಸು ಬತ್ತಿ, ಕೂಸಿನ ನಗೆಯೂ ತಟ್ಟದಂತಾಗುತ್ತದೆ. ಹಾಡುತ್ತಿದ್ದವಳು ಹಾಡು ಮರೆಯುತ್ತಾಳೆ, ರಂಗೋಲಿ ಬಿಡಿಸುತ್ತಿದ್ದವಳು ಎರಡು ಗೆರೆ ಎಳೆದು ಒಳಗೆ ಹೋಗುತ್ತಾಳೆ. ಇದನ್ನು ಸೋಮಾರಿತನವೆನ್ನುವುದು ಅನ್ಯಾಯ. 42 ದೇಶಗಳ 17,409 ತಂದೆತಾಯಿಗಳನ್ನು ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನವು, ಅವರವರ ಪಾಡು ಅವರವರಿಗೆ ಎಂಬ ಬಾಳುವೆ ಬಲಿತ ಸಮಾಜಗಳಲ್ಲಿಯೇ ಈ ಬಳಲಿಕೆ ಹೆಚ್ಚೆಂದು ಕಂಡಿತು.

ಕುರ್ತಕೋಟಿಯಂಥ ನಮ್ಮ ಗದಗ ಸೀಮೆಯ ಊರುಗಳಲ್ಲಿ ಇದಕ್ಕೊಂದು ಹಳೆಯ ಆಸರೆಯುಂಟು: ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರುಪದರಾಗಿ ಹಾಸಿ, ನಾಲ್ಕಾರು ಹೆಣ್ಣುಮಕ್ಕಳು ಸುತ್ತ ಕುಳಿತು ಹೊಲಿಯುವರು. ಒಬ್ಬಳ ಕೈ ಬಣ್ಣಕ್ಕೆ ಬಣ್ಣ ಹೊಂದಿಸುತ್ತಿರುವಾಗ ಅವಳ ಕೂಸು ಮತ್ತೊಬ್ಬಳ ತೊಡೆಯ ಮೇಲಿರುತ್ತದೆ. ಈ ಎರಡನೆಯದೇ ಮುಖ್ಯವೆಂದು ನಮ್ಮ ಎಣಿಕೆ. ಹೊಸ ಹವ್ಯಾಸ ಹಿಡಿಯೆಂದು ದಣಿದ ತಾಯಿಗೆ ಉಪದೇಶಿಸುವುದು ಅವಳ ತಲೆಗೆ ಇನ್ನೊಂದು ಹೊರೆ. ಮೊದಲು ಕೂಸನ್ನು ಎತ್ತಿಕೊಳ್ಳುವವರು ಬೇಕು. (ತಂದೆಯ ತೊಡೆಯೂ ತೊಡೆಯೇ.)

ಬಳಿಕ ಚಿಕ್ಕದನ್ನೇ ಹಿಡಿಯಬೇಕು: ದಿನಕ್ಕೊಂದು ಸಾಲು ಹೊಲಿಗೆ, ಹಾಡಿನ ಒಂದು ನುಡಿ. ಚೆಂದವಾಗಲೇಬೇಕೆಂಬ ಹಟ ಬೇಡ. ಹೊಲಿಗೆ ಸೊಟ್ಟಗಾದರೂ ಕೌದಿ ಬೆಚ್ಚಗೇ ಇರುತ್ತದೆ. ಒಂದು ಮೂಲೆ ತುಂಬುವ ಹೊತ್ತಿಗೆ, ಮುಂದಿನ ತುಂಡಿಗೆ ಯಾವ ಬಣ್ಣವೆಂದು ಮನಸ್ಸು ತಾನಾಗಿಯೇ ಹುಡುಕತೊಡಗುತ್ತದೆ.

ನಿದ್ದೆ ಹಸಿವುಗಳು ಎರಡು ವಾರ ಕೆಟ್ಟೇ ಇದ್ದರೆ, ಅಥವಾ ತನಗೋ ಕೂಸಿಗೋ ಕೇಡು ಮಾಡಿಕೊಳ್ಳುವ ಯೋಚನೆ ಒಮ್ಮೆ ಸುಳಿದರೂ, ಸೂಜಿದಾರ ಬದಿಗಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ; ಕನ್ನಡದಲ್ಲಿಯೇ ಮಾತನಾಡಬಹುದು.