ಪರಮಾಣುಬೀಜದ ಬುಗುರಿ

ಹಲಸೂರು ಕೆರೆಯ ನೀರು ಅಲೆಯಿಲ್ಲದೆ ಕನ್ನಡಿಯಂತೆ ಮಲಗಿರುವಾಗಲೂ ಅದರ ಒಂದೊಂದು ಹನಿಯಲ್ಲಿಯೂ ಕೋಟ್ಯನುಕೋಟಿ ಬುಗುರಿಗಳು ತಿರುಗುತ್ತಲೇ ಇರುತ್ತವೆ. ನೀರಿನ ಅಣುವಿನಲ್ಲಿರುವ ಜಲಜನಕದ ಬೀಜ, ಎಂದರೆ ಪ್ರೋಟಾನು, ಇಂಥದೊಂದು ಬುಗುರಿ. ಅದು ಅತಿ ಪುಟ್ಟ ಅಯಸ್ಕಾಂತವೂ ಹೌದು. ನೆಲದ ಮೇಲೆ ಓಲಾಡುವ ಬುಗುರಿಯ ತಲೆಯು ಗಾಳಿಯಲ್ಲಿ ವೃತ್ತವನ್ನು ಬರೆಯುವಂತೆ, ಕಾಂತಕ್ಷೇತ್ರದಲ್ಲಿ ಪ್ರೋಟಾನಿನ ಅಕ್ಷವೂ ವೃತ್ತವನ್ನು ಬರೆಯುತ್ತದೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರವು ಸುಮಾರು 0.4 ಗೌಸ್. ಇದರಲ್ಲಿ ಪ್ರೋಟಾನು ಸೆಕೆಂಡಿಗೆ ಸುಮಾರು 1,700 ಸಲ ಓಲಾಡುತ್ತದೆ. ಅದೇ ಪ್ರೋಟಾನನ್ನು ದಂಡುಪ್ರದೇಶದ ಆಸ್ಪತ್ರೆಯೊಂದರ 15,000 ಗೌಸಿನ ಎಂ.ಆರ್.ಐ. ಯಂತ್ರದೊಳಕ್ಕೆ ಒಯ್ದರೆ ಓಲಾಟವು ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲಕ್ಕೆ ಏರುತ್ತದೆ. ಕ್ಷೇತ್ರ ಬಲಿತಷ್ಟೂ ಓಲಾಟ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಓಲಾಟವನ್ನು ಎಣಿಸಬಲ್ಲವನು ಬೀಜವಿರುವ ಎಡೆಯ ಕ್ಷೇತ್ರವನ್ನೇ ಅಳೆಯಬಲ್ಲನು.

ಎಣಿಸುವುದು ಹೇಗೆ? ಉಯ್ಯಾಲೆಯನ್ನು ಅದರ ತೂಗಾಟಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಮೇಲೇರುತ್ತದೆಯಷ್ಟೆ. ಹಾಗೆಯೇ ಓಲಾಟದ ಆವರ್ತಕ್ಕೆ ಸರಿಹೊಂದುವ ರೇಡಿಯೋ ಅಲೆಯನ್ನು ಹಾಯಿಸಿದಾಗ ಮಾತ್ರ ಬೀಜಗಳು ಅದರ ಶಕ್ತಿಯನ್ನು ಹೀರುತ್ತವೆ. ಇದೇ ಬೈಜಿಕ ಕಾಂತೀಯ ಅನುರಣನ. ಪರ್ಸೆಲ್ ಮತ್ತು ಅವರ ಸಂಗಡಿಗರು ಮೇಣದಲ್ಲಿ, ಬ್ಲಾಕ್ ಮತ್ತು ಅವರ ಸಂಗಡಿಗರು ನೀರಿನಲ್ಲಿ ಇದನ್ನು ಕಂಡು 1946ರಲ್ಲಿ ಪ್ರಕಟಿಸಿದರು. 1952ರ ನೊಬೆಲ್ ಪಾರಿತೋಷಕವನ್ನು ಪರ್ಸೆಲ್ ಮತ್ತು ಬ್ಲಾಕ್ ಹಂಚಿಕೊಂಡರು.

ಇಲ್ಲೊಂದು ತೊಡಕುಂಟು. ಕ್ಷೇತ್ರದ ದಿಕ್ಕಿಗೆ ಮುಖಮಾಡಿದ ಪ್ರೋಟಾನುಗಳೂ ಎದುರು ದಿಕ್ಕಿಗೆ ನಿಂತವೂ ಹೆಚ್ಚುಕಡಿಮೆ ಸಮನಾಗಿರುತ್ತವೆ. 15,000 ಗೌಸಿನಲ್ಲಿಯೂ ಮೊದಲನೆಯವುಗಳ ಹೆಚ್ಚಳ 10 ಲಕ್ಷಕ್ಕೆ ಸುಮಾರು 5 ಮಾತ್ರ. ನಮಗೆ ದೊರೆಯುವ ಸಂಕೇತವೆಲ್ಲ ಈ ಐದರಿಂದಲೇ ಬರಬೇಕು. ರೇಡಿಯೋ ಅಲೆ ಪ್ರಬಲವಾದರೆ ಎರಡು ಪಂಗಡಗಳೂ ಸಮವಾಗಿ, ಹೀರಿಕೆಯೇ ನಿಂತುಹೋಗುತ್ತದೆ. ನೀರಿನ ಪ್ರೋಟಾನುಗಳು ಮತ್ತೆ ಮೊದಲಿನ ಸ್ಥಿತಿಗೆ ಮರಳಲು ಸುಮಾರು 3 ಸೆಕೆಂಡು ಬೇಕು.

ಈ ತೊಡಕಿನಿಂದಲೇ ಒಂದು ಹೊಸ ದಾರಿಯನ್ನು ತೆರೆದವರು ನಮ್ಮ ಊರಿನಲ್ಲಿದ್ದರು. ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ದ್ರವವನ್ನು ನಿಲ್ಲಿಸದೆ ಕೊಳವೆಯಲ್ಲಿ ಹರಿಸಿ ಅನುರಣನವನ್ನು ಪರೀಕ್ಷಿಸಿದರು. ದಣಿದ ಬೀಜಗಳು ಸುರುಳಿಯಿಂದ ಆಚೆಗೆ ಸಾಗುತ್ತವೆ. ಅಯಸ್ಕಾಂತದ ನಡುವೆ ಅದಾಗಲೇ ಸಜ್ಜಾಗಿ ನಿಂತ ಹೊಸ ಬೀಜಗಳು ಒಳಕ್ಕೆ ಬರುತ್ತವೆ. ಹೀಗಾಗಿ ಹರಿಯುವ ದ್ರವದ ಸಂಕೇತ ನಿಂತ ದ್ರವದ ಸಂಕೇತಕ್ಕಿಂತ ಬಲವಾಗುತ್ತದೆ. ಈ ಲೇಖನವನ್ನು 1951ರಲ್ಲಿ ಪ್ರಕಟಿಸಿದುದೂ ಬೆಂಗಳೂರಿನದೇ ಆದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆ. 1959ರಲ್ಲಿ ಸಿಂಗರ್ ಎಂಬವರು ರಕ್ತದ ಹರಿವನ್ನು ಅನುರಣನದಿಂದ ಅಳೆದರು. ಇಂದು ಬಣ್ಣದ್ರವ್ಯವನ್ನು ಚುಚ್ಚದೆಯೇ ಮಿದುಳಿನ ರಕ್ತನಾಳಗಳನ್ನು ಬೆಳ್ಳಗೆ ಮೂಡಿಸುವ ಒಂದು ಕ್ರಮವೂ, ಹೊಸದಾಗಿ ಹರಿದುಬಂದ ಬೀಜದ ಸಂಕೇತ ಹೆಚ್ಚು ಎಂಬ ಇದೇ ತತ್ತ್ವವನ್ನು ಅವಲಂಬಿಸಿದೆ.

ದ್ರವಕ್ಕಿಂತಲೂ ಅನಿಲದ ಕೆಲಸ ಕಷ್ಟ. ಸಾಧಾರಣ ಒತ್ತಡದ ಜಲಜನಕ ಅನಿಲದಲ್ಲಿ ಪ್ರೋಟಾನುಗಳ ಸಂಖ್ಯೆ ಅಷ್ಟೇ ಗಾತ್ರದ ನೀರಿನಲ್ಲಿರುವುದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಪರ್ಸೆಲ್ ಮತ್ತು ಅವರ ಸಂಗಡಿಗರು 1946ರಲ್ಲಿಯೇ ಅನಿಲವನ್ನು ಒತ್ತಿ ತುಂಬಿ ಸಂಕೇತವನ್ನು ಪಡೆದರು. ಒತ್ತಡ ಏರಿದಷ್ಟೂ ಜಲಜನಕದ ಬೀಜಗಳು ಮೊದಲಿನ ಸ್ಥಿತಿಗೆ ಮರಳಲು ಹೆಚ್ಚು ಕಾಲ ಹಿಡಿಯುತ್ತದೆಂಬುದು ಇಲ್ಲಿಯ ಸ್ವಾರಸ್ಯ. ಅಣುಗಳು ಮೇಲಿಂದ ಮೇಲೆ ಢಿಕ್ಕಿ ಹೊಡೆಯುವುದರಿಂದ ಬೀಜದ ಮೇಲಾಗುವ ಅಣುವಿನೊಳಗಿನ ಕ್ಷೇತ್ರಗಳ ಪ್ರಭಾವ ಸರಾಸರಿಯಲ್ಲಿ ಅಳಿದುಹೋಗುವುದೇ ಇದಕ್ಕೆ ಕಾರಣ.

ಕೃಷ್ಣರಾಜಪುರದ ತೂಗುಸೇತುವೆಯ ಬಳಿ ವಾಹನಗಳ ಹೊಗೆಯನ್ನು ಕುಡಿಯುವವರಿಗೆ ಅನಿಲದ ಅನುರಣನ ದೂರದ ವಿಷಯವೇನೂ ಅಲ್ಲ. ಶ್ವಾಸಕೋಶದಲ್ಲಿ ಬಹುಪಾಲು ಗಾಳಿಯೇ ಇರುವುದರಿಂದ ಸಾಧಾರಣ ಎಂ.ಆರ್.ಐ. ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಲೇಸರ್ ಬೆಳಕಿನಿಂದ ರುಬಿಡಿಯಮ್ ಪರಮಾಣುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಅವು ಜ಼ೆನಾನ್ ಬೀಜಗಳನ್ನು ತಿರುಗಿಸುವಂತೆ ಮಾಡಿದರೆ ಜ಼ೆನಾನ್ ಅನಿಲದ ಸಂಕೇತ ಹತ್ತಾರು ಸಾವಿರ ಪಟ್ಟು ಬಲಗೊಳ್ಳುತ್ತದೆ. ಅದನ್ನು ಉಸಿರಾಡಿದ ರೋಗಿಯ ಶ್ವಾಸಕೋಶದಲ್ಲಿ ಗಾಳಿ ತಲಪುವ ಭಾಗ, ತಲಪದ ಭಾಗ ಎರಡೂ ಬೇರೆ ಬೇರೆಯಾಗಿ ಗೋಚರಿಸುತ್ತವೆ. 2022ರಲ್ಲಿ ಅಮೆರಿಕ ಇದರ ಬಳಕೆಗೆ ಅನುಮತಿ ನೀಡಿತು.

ಇನ್ನು ಕಾಂತವಸ್ತುಗಳ ಮಾತು. ಸಾಮಾನ್ಯ ಮಾಪಕಗಳು ಇಡೀ ತುಂಡಿನ ಕಾಂತತೆಯ ಮೊತ್ತವನ್ನು ಹೇಳುತ್ತವೆ. ಬೀಜವಾದರೋ ತಾನಿರುವ ಮನೆಯ ಸುದ್ದಿಯನ್ನೇ ಹೇಳುತ್ತದೆ. 1959ರಲ್ಲಿ ಗೊಸಾರ್ಡ್ ಮತ್ತು ಪೋರ್ಟಿಸ್ ಎಂಬವರು ಹೊರಗಿನ ಅಯಸ್ಕಾಂತವೇ ಇಲ್ಲದೆ ಕೋಬಾಲ್ಟ್ ಲೋಹದಲ್ಲಿ ಅನುರಣನವನ್ನು ಕಂಡರು. ಅದರ ಆವರ್ತ ಸೆಕೆಂಡಿಗೆ ಸುಮಾರು 21 ಕೋಟಿ 30 ಲಕ್ಷ. ಲೆಕ್ಕ ಹಾಕಿದರೆ ಬೀಜದ ಮೇಲಿನ ಕ್ಷೇತ್ರ ಸುಮಾರು 2 ಲಕ್ಷ 10 ಸಾವಿರ ಗೌಸ್, ಎಂದರೆ ಮೇಲೆ ಹೇಳಿದ ಆಸ್ಪತ್ರೆಯ ಯಂತ್ರದ 14 ಪಟ್ಟು! ಅಂಗೈಯಲ್ಲಿ ಹಿಡಿಯಬಹುದಾದ ಲೋಹದಲ್ಲಿ ಎಲೆಕ್ಟ್ರಾನುಗಳೇ ಇಷ್ಟು ಪ್ರಬಲವಾದ ಕ್ಷೇತ್ರವನ್ನು ಕಟ್ಟಿಕೊಂಡಿವೆ.

ಹೊರಗೆ ಕಾಂತತೆಯೇ ತೋರದ ವಸ್ತುಗಳ ಗುಟ್ಟನ್ನೂ ಬೀಜ ಬಯಲುಮಾಡುತ್ತದೆ. ಹಗ್ಗಜಗ್ಗಾಟದಲ್ಲಿ ಎರಡು ಕಡೆಯೂ ಸಮಬಲವಾದರೆ ಹಗ್ಗ ಕದಲುವುದಿಲ್ಲ. ಹಾಗೆಂದು ಯಾರೂ ಎಳೆಯುತ್ತಿಲ್ಲವೆಂದು ಹೇಳಲಾದೀತೆ? ನಮ್ಮ ರಸಾಯನ ಪ್ರಯೋಗಶಾಲೆಗಳಲ್ಲಿ ದೊರೆಯುವ ನೀಲಿಹಸಿರು ಕಾಪರ್ ಕ್ಲೋರೈಡಿನ ಹರಳಿನಲ್ಲಿ, ಕೆಲ್ವಿನ್ ಮಾನದ ಸುಮಾರು 4.3 ಡಿಗ್ರಿಗಿಂತ ಕೆಳಗೆ, ತಾಮ್ರದ ಪರಮಾಣು ಅಯಸ್ಕಾಂತಗಳು ಹೀಗೆಯೇ ಎದುರುಬದುರಾಗಿ ನಿಲ್ಲುತ್ತವೆ. ಹಾಲೆಂಡಿನ ಲೈಡನ್ನಿನಲ್ಲಿ ಪೌಲಿಸ್ ಮತ್ತು ಹಾರ್ಡ್‌ಮನ್ ಎಂಬವರು 1950ರ ದಶಕದ ಆರಂಭದಲ್ಲಿ ಆ ಹರಳಿನೊಳಗಿನ ನೀರಿನ ಪ್ರೋಟಾನುಗಳನ್ನು ಪರೀಕ್ಷಿಸಿದರು. ಆ ಉಷ್ಣತೆಯನ್ನು ದಾಟಿದೊಡನೆ ಅನುರಣನ ರೇಖೆಗಳ ವಿನ್ಯಾಸವೇ ಬದಲಾಗಿ, ಅಡಗಿದ್ದ ಜಗ್ಗಾಟ ಪ್ರಕಟವಾಯಿತು.

ಇಷ್ಟೆಲ್ಲಕ್ಕೂ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕೆಂದು ವಿದ್ಯಾರ್ಥಿಗಳು ಎದೆಗುಂದಬೇಕಾಗಿಲ್ಲ. ಒಂದು ಸೀಸೆ ನೀರು, ಅದರ ಸುತ್ತ ತಾಮ್ರದ ತಂತಿಯ ಸುರುಳಿ, ಒಂದು ಬ್ಯಾಟರಿ, ಒಂದು ಒಳ್ಳೆಯ ವರ್ಧಕ. ಕಬ್ಬಿಣದ ಸಾಮಾನೂ ವಿದ್ಯುತ್ ತಂತಿಗಳೂ ಇಲ್ಲದ ಬಯಲು. ಸುರುಳಿಯಲ್ಲಿ ಕೆಲವು ಸೆಕೆಂಡು ವಿದ್ಯುತ್ತನ್ನು ಹರಿಸಿ ತಟ್ಟನೆ ನಿಲ್ಲಿಸಿದರೆ, ಭೂಮಿಯ ಕ್ಷೇತ್ರದಲ್ಲಿ ಓಲಾಡುವ ಪ್ರೋಟಾನುಗಳು ಅದೇ ಸುರುಳಿಯಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತವೆ. ಸೆಕೆಂಡಿಗೆ 1,700 ಕಂಪನಗಳು ಮನುಷ್ಯನ ಕಿವಿಗೆ ನಿಲುಕುವ ಸ್ವರ. ಜೋಡಣೆ ಸರಿಯಾಗಿದ್ದರೆ, ಕ್ರಮೇಣ ಕ್ಷೀಣಿಸುವ ಆ ಸ್ವರವನ್ನು ನಾವು ಕಿವಿಯಾರೆ ಕೇಳಬಹುದು.