ಬಸವನಗುಡೀಲಿ ಬಾಡಿಗೆ ಮನೆ: ಬೋರ್ಡ್ ಮೇಲಿನ ಬಾಡಿಗೆ ಬೇರೆ, ನೀವು ಕಟ್ಟೋ ಬಾಡಿಗೆ ಬೇರೆ

ಈ ವಾರದ ಎಪಿಸೋಡ್ ಕೇಳೋಕೆ ಟೈಮ್ ಸಿಗದವರಿಗೆ ಅದರ ಬರಹ ರೂಪ ಇಲ್ಲಿದೆ. ವಿಷಯ ಸಿಂಪಲ್. ಮದುವೆ ಆಗಿದೆ, ಮಗು ಸ್ಕೂಲಿಗೆ ಸೇರೋ ವಯಸ್ಸಿಗೆ ಬಂದಿದೆ, ಇಲ್ಲಾ ಊರಿಂದ ಅಪ್ಪ-ಅಮ್ಮ ಬಂದು ಜೊತೇಲಿರ್ತಾರೆ. ಬಸವನಗುಡೀಲಿ ಒಂದು ಮನೆ ಮಾಡಬೇಕು. ಕೈಗೆ ಎಟುಕತ್ತಾ? ಅಡ್ವಾನ್ಸ್ ಅಂತ ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರತ್ತಾ?

ಮೊದಲು, ಜನ ಯಾಕೆ ಇಲ್ಲಿಗೇ ಬರಬೇಕು ಅಂತಾರೆ ಅನ್ನೋದು. 1890ರ ದಶಕದಲ್ಲಿ ಮೈಸೂರು ಸರ್ಕಾರ ಬೆಂಗಳೂರು ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರ ಅಂತ ಎರಡು ಹೊಸ ಬಡಾವಣೆ ಹಾಕಿಸಿತು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿಂದ ಜನ ಹೊರಗೆ ಹೊರಟರು. ಗಾಳಿ ಬೆಳಕು ಬೇಕು ಅಂತ ನೇರ ರಸ್ತೆ, ದೊಡ್ಡ ಸೈಟು, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಇವತ್ತೂ ನೀವು ಬಾಡಿಗೆ ಕೊಡೋದು ಒಂದರ್ಥದಲ್ಲಿ ಆ ಪ್ಲಾನಿಗೇ. ಗಾಂಧಿ ಬಜಾರಿಗೆ ನಡ್ಕೊಂಡು ಹೋಗಿ ಸೊಪ್ಪು, ಹೂವು ತರಬಹುದು. ಅಜ್ಜ-ಅಜ್ಜಿ ಬೆಳಗ್ಗೆ ಕೃಷ್ಣರಾವ್ ಪಾರ್ಕಿಗೋ ಬ್ಯೂಗಲ್ ರಾಕಿಗೋ ಹೋಗಿ ಬರಬಹುದು. ಮಗು ಒಂದು ಸಂಜೆ ಸಂಗೀತದ ಕ್ಲಾಸಿಗೂ ಇನ್ನೊಂದು ಸಂಜೆ ಈಜು ಕಲಿಯೋಕೂ ಹೋಗೋದಕ್ಕೆ ಅಪ್ಪ ಕಾರ್ ತೆಗೀಬೇಕಾಗಿಲ್ಲ. (ವಿದ್ಯಾರ್ಥಿ ಭವನದ ದೋಸೆ 1943ರಿಂದ ಇದೆ, ಅದೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಭಾನುವಾರದ ಕ್ಯೂ ಮಾತ್ರ ಬಾಡಿಗೆದಾರರಿಗೂ ಒಂದೇ, ಓನರಿಗೂ ಒಂದೇ.)

ಮೆಟ್ರೋನೂ ಸೇರಿಕೊಂಡಿದೆ. 2017ರಲ್ಲಿ ಹಸಿರು ಮಾರ್ಗ ಬಂದಾಗ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್ ಮೂರೂ ಸ್ಟೇಷನ್ ಈ ಏರಿಯಾಗೆ ಸಿಕ್ಕವು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯ್ತು. ಸೌತ್ ಎಂಡ್ ಸರ್ಕಲಲ್ಲಿ ಹತ್ತಿ ಎರಡು ಸ್ಟಾಪ್ ಆದಮೇಲೆ ಆರ್.ವಿ. ರೋಡಲ್ಲಿ ಇಳಿದು ಬದಲಾಯಿಸಿದರೆ ಸೀದಾ ಎಲೆಕ್ಟ್ರಾನಿಕ್ ಸಿಟಿ. ಅಂದರೆ ಇಲ್ಲಿ ಮನೆ ಹುಡುಕೋರ ಪೈಪೋಟಿಗೆ ಇನ್ನೊಂದಷ್ಟು ಜನ ಬಂದರು ಅಂತಲೇ ಅರ್ಥ.

ಇನ್ನು ದುಡ್ಡಿನ ವಿಷಯ. ನಾನು ಓದಿದ್ದು ಕಾಮರ್ಸ್, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ.

ಲೆಕ್ಕಕ್ಕೆ ಅಂತ ಬಾಡಿಗೆ ತಿಂಗಳಿಗೆ 25,000 ರೂಪಾಯಿ ಇಟ್ಕೊಳ್ಳೋಣ. ಬೆಂಗಳೂರಿನ ಹಳೇ ರೂಢಿಯಂತೆ ಓನರ್ 10 ತಿಂಗಳ ಅಡ್ವಾನ್ಸ್ ಕೇಳ್ತಾರೆ: 2.5 ಲಕ್ಷ. ವಾಪಸ್ ಬರೋ ದುಡ್ಡು ತಾನೇ ಅಂತ ನಾವು ಅದನ್ನ ಖರ್ಚಿಗೆ ಸೇರಿಸೋದೇ ಇಲ್ಲ. ಆದರೆ ಅದೇ ದುಡ್ಡು 7 ಪರ್ಸೆಂಟ್ ಎಫ್‌ಡಿಯಲ್ಲಿ ಇದ್ದಿದ್ದರೆ ವರ್ಷಕ್ಕೆ 17,500, ಅಂದರೆ ತಿಂಗಳಿಗೆ ಸುಮಾರು 1,460 ರೂಪಾಯಿ ಬಡ್ಡಿ ಬರ್ತಿತ್ತು. ಅದು ಹೋಯ್ತು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಮನೆ ಬಿಡುವಾಗ ಪೇಂಟಿಂಗ್ ಅಂತ ಇನ್ನೊಂದು ತಿಂಗಳ ಬಾಡಿಗೆ ಹಿಡ್ಕೊಳ್ತಾರೆ. ನೀವು ಎರಡು ವರ್ಷ ಇದ್ದರೆ ಈ ಎರಡೂ ಸೇರಿ ತಿಂಗಳಿಗೆ ಸುಮಾರು 2,080 ಬೀಳತ್ತೆ. ಒಟ್ಟು ನಿಮ್ಮ ಬಾಡಿಗೆ 28,500ರ ಮೇಲೆ. ಹನ್ನೊಂದೇ ತಿಂಗಳಿಗೆ ಖಾಲಿ ಮಾಡಿದರೆ? ಅದೇ ಮನೆ 31,000 ಆಗತ್ತೆ. ಅಡ್ವಾನ್ಸ್ ಕೊಡೋಕೆ ಅಂತ 14 ಪರ್ಸೆಂಟ್ ಬಡ್ಡಿಗೆ ಪರ್ಸನಲ್ ಲೋನ್ ಮಾಡಿದೋರ ಲೆಕ್ಕ ಇನ್ನೂ ಕಷ್ಟ, ಬರೀ ಬಡ್ಡಿಗೇ ತಿಂಗಳಿಗೆ 2,900 ಚಿಲ್ಲರೆ.

ಈ ಲೆಕ್ಕದಿಂದ ಒಂದು ಉಪಯೋಗ ಇದೆ, ಚೌಕಾಸಿ ಹೇಗೆ ಮಾಡಬೇಕು ಅಂತ ಗೊತ್ತಾಗತ್ತೆ. ಎಲ್ಲರೂ ಬಾಡಿಗೆ 500 ಕಮ್ಮಿ ಮಾಡಿ ಅಂತ ಜಗ್ಗಾಡ್ತಾರೆ. ಅದರ ಬದಲು, "ಅಂಕಲ್, ಅಡ್ವಾನ್ಸ್ ಐದು ತಿಂಗಳು ಮಾಡ್ಕೊಳ್ಳಿ, ಬಾಡಿಗೆ ಐನೂರು ಜಾಸ್ತಿ ಕೊಡ್ತೀನಿ" ಅಂತ ಕೇಳಿ ನೋಡಿ. ಉಳಿಯೋ 1.25 ಲಕ್ಷಕ್ಕೆ ತಿಂಗಳಿಗೆ ಸುಮಾರು 730 ರೂಪಾಯಿ ಬಡ್ಡಿ. 500 ಕೊಟ್ಟರೂ ನಿಮಗೇ ಲಾಭ. ಮುಖ್ಯವಾಗಿ, ಬೇರೆಯವರ ಕೈಯಲ್ಲಿರೋ ನಿಮ್ಮ ದುಡ್ಡು ಅರ್ಧ ಆಗತ್ತೆ. ಎಲ್ಲ ಓನರ್‌ಗಳೂ ಒಪ್ಪಲ್ಲ. ಪೆನ್ಶನ್ ಮೇಲಿರೋರಿಗೆ ತಿಂಗಳ ಆದಾಯ ಹೆಚ್ಚೋದು ಇಷ್ಟ ಆಗಬಹುದು. ಹಿಂದಿನ ಬಾಡಿಗೆದಾರರಿಗೆ ವಾಪಸ್ ಕೊಡೋಕೆ ನಿಮ್ಮ ಅಡ್ವಾನ್ಸಿಗೇ ಕಾಯ್ತಿರೋರು ಒಪ್ಪೋದು ಕಷ್ಟ. ಹಾಗೆ ಕಾಯ್ತಿದ್ದಾರೆ ಅಂತ ಗೊತ್ತಾದರೆ ಹುಷಾರಾಗಿ, ನಾಳೆ ನಿಮ್ಮ ದುಡ್ಡೂ ಇನ್ಯಾರೋ ಬರೋವರೆಗೆ ಕಾಯತ್ತೆ.

"ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳೋ ಹಾಗಿಲ್ಲ, ಕಾನೂನು ಬಂದಿದೆ" ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇರೋದು ನಿಜ. ಆದರೆ ಅದು ಮಾದರಿ. ರಾಜ್ಯ ಅದನ್ನ ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಜಾರಿ. ಆ ಫಾರ್ವರ್ಡ್ ತೋರಿಸಿ ಗಾಂಧಿ ಬಜಾರಿನ ಓನರ್ ಹತ್ತಿರ ವಾದ ಮಾಡಿದರೆ ಮನೆ ಬೇರೆಯವರಿಗೆ ಹೋಗತ್ತೆ ಅಷ್ಟೇ.

ಹಾಗಾದರೆ ನಮ್ಮಲ್ಲಿ ಇರೋ ಕಾನೂನು ಯಾವುದು? ಕರ್ನಾಟಕ ಬಾಡಿಗೆ ಕಾಯ್ದೆ 1999. ಜಾರಿಗೆ ಬಂದಿದ್ದು 2001ರ ಕೊನೇ ದಿನ. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ: ಬೆಂಗಳೂರಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ ಈ ಕಾಯ್ದೆ ಅನ್ವಯಿಸಲ್ಲ. ಬಸವನಗುಡೀಲಿ ಇವತ್ತು 3,500ಕ್ಕೆ ಮನೆ ಎಲ್ಲಿದೆ? ಹಾಗಾಗಿ ನೀವು ಬಂದು ಬೀಳೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ. ಆ ಕಾಯ್ದೆಯ ಸ್ವಭಾವ ಏನು ಅಂದರೆ, ಹೆಚ್ಚಿನ ವಿಷಯಗಳಲ್ಲಿ "ನೀವಿಬ್ಬರೂ ಬೇರೆ ಏನೂ ಒಪ್ಪಿಕೊಂಡಿಲ್ಲದಿದ್ದರೆ ಹೀಗೆ" ಅನ್ನತ್ತೆ. ಒಪ್ಪಿಕೊಂಡಿದ್ದರೆ? ಒಪ್ಪಿಕೊಂಡಿದ್ದೇ ನಡೆಯೋದು. ಅಂದರೆ ಓದದೇ ಸೈನ್ ಮಾಡ್ತೀರಲ್ಲ, ಆ ಅಗ್ರಿಮೆಂಟೇ ನಿಮ್ಮ ಕಾನೂನು.

ಪೇಂಟಿಂಗ್ ವಿಷಯನೇ ತಗೊಳ್ಳಿ. ಆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮನೆ ಹೇಗಿತ್ತೋ ಹಾಗೇ ವಾಪಸ್ ಕೊಡಬೇಕು, ಸಹಜವಾದ ಸವೆತ ಬಿಟ್ಟು. ಎರಡು ವರ್ಷದಲ್ಲಿ ಗೋಡೆ ಬಣ್ಣ ಮಂಕಾಗೋದು ಸಹಜ ಸವೆತವೇ. ಮಗು ಗೋಡೆ ತುಂಬ ಕ್ರೇಯಾನಲ್ಲಿ ಆನೆ ಬರೆದಿದ್ದರೆ ಅದು ಬೇರೆ. ಆದರೆ ಅಗ್ರಿಮೆಂಟಲ್ಲಿ "ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು" ಅಂತ ಇದ್ದು ನೀವು ಸೈನ್ ಮಾಡಿದ್ದರೆ, ಆ ಸೆಕ್ಷನ್ ನಿಮ್ಮ ಸಹಾಯಕ್ಕೆ ಬರೋದು ಕಷ್ಟ. ಆ ಸಾಲನ್ನ ಸೈನ್ ಮಾಡೋ ಮುಂಚೆ ಬದಲಾಯಿಸಿ: "ನಿಜವಾಗಿ ಪೇಂಟ್ ಮಾಡಿಸಿದರೆ, ಬಿಲ್ ಪ್ರಕಾರ, ಇಷ್ಟು ಸಾವಿರ ಮೀರದಂತೆ." ಇದೊಂದು ವಾಕ್ಯಕ್ಕೆ ಹತ್ತು ಹದಿನೈದು ಸಾವಿರದ ಬೆಲೆ ಇದೆ.

ನೋಟಿಸ್ ಅವಧಿಯೂ ಹಾಗೇ. ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆ ಮನೆಗೆ 15 ದಿನದ ನೋಟಿಸ್ ಸಾಕು ಅನ್ನತ್ತೆ 106ನೇ ಸೆಕ್ಷನ್. ಸ್ಕೂಲ್ ವರ್ಷದ ಮಧ್ಯೆ, ಅಕ್ಟೋಬರಲ್ಲಿ, 15 ದಿನದಲ್ಲಿ ಇದೇ ಏರಿಯಾದಲ್ಲಿ ಇನ್ನೊಂದು ಮನೆ ಹುಡುಕಬೇಕು ಅಂತ ಊಹಿಸಿಕೊಳ್ಳಿ. ಎರಡು ತಿಂಗಳು ಅಂತ ಬರೆಸಿ, ಇಬ್ಬರಿಗೂ ಅನ್ವಯಿಸೋ ಹಾಗೆ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಯಾಕೆ ಅನ್ನೋದಕ್ಕೆ ಉತ್ತರ ಚಿಕ್ಕದು: ಒಂದು ವರ್ಷ ಮೀರಿದ ಲೀಸ್ ಆದರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸಬೇಕು, ಆ ಖರ್ಚು ಬೇಡ ಅಂತ. ಇದರ ಹಿಂದೆ ಓನರ್‌ಗಳ ಹಳೇ ಭಯವೂ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದ ಕಾಲದಲ್ಲಿ ಹಳೇ ಬಾಡಿಗೆದಾರರನ್ನ ಬಿಡಿಸೋದಿರಲಿ, ಬಾಡಿಗೆ ಏರಿಸೋದೂ ದೊಡ್ಡ ಕೋರ್ಟ್ ಕೆಲಸ. ಅದನ್ನ ನೋಡಿ ಬೆಳೆದ ಮನೆಗಳು ಇವು. "ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ ಆಗತ್ತೆ" ಅಂತ ಈಗಲೂ ನಂಬೋರಿದ್ದಾರೆ. ಆಗಲ್ಲ. ಒಪ್ಪಿಗೆ ಮೇಲೆ ಬಾಡಿಗೆ ಕಟ್ಟಿಕೊಂಡು ಇರೋರಿಗೆ ಬರೀ ವರ್ಷ ಕಳೆದದ್ದಕ್ಕೆ ಹಕ್ಕು ಹುಟ್ಟಲ್ಲ.

ಈಗ ಇಷ್ಟ ಇಲ್ಲದಿದ್ದರೂ ಹೇಳಬೇಕಾದ ಭಾಗ. ಬಸವನಗುಡೀಲಿ ಹಳೇ ಮನೆ ಒಡೆದು ಕಟ್ಟಿದ ಎಷ್ಟೋ ಕಟ್ಟಡಗಳಲ್ಲಿ ಕೆಳಗೆ ಓನರ್, ಮೇಲೆ ಎರಡೋ ಮೂರೋ ಬಾಡಿಗೆ ಮನೆ. ಎಷ್ಟೋ ಮನೆ ಆ್ಯಪಲ್ಲಿ ಬರೋದೇ ಇಲ್ಲ. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡು, ಇಸ್ತ್ರಿ ಅಂಗಡಿಯವರು, ಹಾಲಿನ ಬೂತು, ಇವೇ ಆ್ಯಪು. ಬೆಲ್ ಮಾಡಿದರೆ ಕಾಫಿ ಸಮೇತ ಇಂಟರ್‌ವ್ಯೂ. "ಏನಪ್ಪಾ, ಯಾವೂರು ನಿಮ್ದು? ಮನೇಲಿ ಎಷ್ಟು ಜನ?" ಇಲ್ಲೀವರೆಗೆ ಸರಿ. ಆಮೇಲೆ, "ವೆಜ್ಜಾ?" ಕೊನೆಗೆ ಸ್ವಲ್ಪ ತಡೆದು, "ನೀವು... ಯಾವ ಪೈಕಿ?" ಎಷ್ಟೋ ಜನಕ್ಕೆ ಮನೆ ಖಾಲಿ ಇದ್ದದ್ದು ಈ ಉತ್ತರ ಕೊಟ್ಟ ಮಾರನೇ ದಿನ "ನಮ್ಮ ಮಗನೇ ಬರ್ತಿದ್ದಾನೆ" ಅಂತಾಗತ್ತೆ. ಬ್ಯಾಚುಲರ್‌ಗಳಿಗೆ, ಒಬ್ಬಂಟಿ ಹೆಣ್ಣುಮಕ್ಕಳಿಗೆ ಬೇರೆ ಥರದ ನೆಪ.

ಇದಕ್ಕೆ ಬೇರು ಹಳೇದು. ಈ ಬಡಾವಣೆಗಳನ್ನ ಹಾಕುವಾಗಲೇ ಯಾವ ಜಾತಿಯವರಿಗೆ ಯಾವ ಭಾಗ ಅಂತ ಗುರುತು ಮಾಡಿದ್ದರು. ಕಾನೂನು ಇಲ್ಲಿ ಪೂರ್ತಿ ಗಟ್ಟಿಯಾಗಿಲ್ಲ. ಸಂವಿಧಾನದ 15ನೇ ವಿಧಿ ಮುಖ್ಯವಾಗಿ ಸರ್ಕಾರವನ್ನ, ಸಾರ್ವಜನಿಕ ಜಾಗಗಳನ್ನ ಕಟ್ಟಿಹಾಕತ್ತೆ. ಖಾಸಗಿ ಓನರ್ ಸಸ್ಯಾಹಾರಿಗಳೇ ಬೇಕು ಅಂದರೆ ಅದನ್ನ ತಡೆಯೋ ಸೀದಾ ಕಾನೂನಿಲ್ಲ. ಆದರೆ ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ಮನೆಯಲ್ಲಿ ವಾಸಿಸೋಕೆ ಅಡ್ಡಿ ಮಾಡೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಯಲ್ಲಿ ಕಾರಣ ಹೇಳದೇ ಇರೋದರಿಂದ ಸಾಬೀತು ಮಾಡೋದು ಕಷ್ಟ, ನಿಜ. "ಫ್ಯಾಮಿಲಿ ಏರಿಯಾ" ಅಂತ ನಾವು ಹೊಗಳುವಾಗ ಯಾರ ಫ್ಯಾಮಿಲಿ ಅನ್ನೋ ಪ್ರಶ್ನೆ ಬಿಟ್ಟುಬಿಡೋದು ನನಗೆ ಸರಿ ಅನ್ಸಲ್ಲ. ಆಹಾರದ ನಿಬಂಧನೆ ಇದ್ದರೆ ಅದನ್ನ ಮೊದಲೇ ನೇರವಾಗಿ ಕೇಳಿಕೊಳ್ಳಿ. ಸುಳ್ಳು ಹೇಳಿ ಒಳಗೆ ಹೋಗಿ, ಮೊಟ್ಟೆ ಬೇಯಿಸುವಾಗಲೆಲ್ಲ ಕಿಟಕಿ ಮುಚ್ಚಿ ಬದುಕೋಕೆ 25,000 ಕೊಡೋದು ಬೇಡ.

ಮನೆ ನೋಡೋಕೆ ಹೋದಾಗ ಟೈಲ್ಸ್, ಮಾಡ್ಯುಲರ್ ಕಿಚನ್ ನೋಡೋಕಿಂತ ಮುಂಚೆ ಮೀಟರ್ ಬೋರ್ಡ್ ನೋಡಿ. ನಿಮ್ಮ ಮನೆಗೆ ಪ್ರತ್ಯೇಕ ಆರ್‌.ಆರ್. ನಂಬರ್ ಇದೆಯಾ? ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗತ್ತೆ, ಆದರೆ ಅದು ಆರ್‌.ಆರ್. ನಂಬರಿಗೆ ಆಧಾರ್ ಜೋಡಿಸಿ ಸಿಗೋದು. ಒಂದೇ ಮೀಟರಲ್ಲಿ ಎರಡು ಮನೆ ಇದ್ದು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರತ್ತೆ. ನೀರು ಈ ಏರಿಯಾದ ದೊಡ್ಡ ಬಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್, ಟ್ಯಾಂಕರ್ ನಂಬಿದ ಹೊರ ಬಡಾವಣೆಗಳು ಒದ್ದಾಡಿದಷ್ಟು ಕಾವೇರಿ ಪೈಪ್ ಇರೋ ಹಳೇ ಬಡಾವಣೆಗಳು ಒದ್ದಾಡಲಿಲ್ಲ. ಆದರೂ ಸಂಪ್ ಎಷ್ಟು ದೊಡ್ಡದು, ಮೋಟರ್ ಸ್ವಿಚ್ ಯಾರ ಕೈಯಲ್ಲಿ, ನೀರಿನ ಬಿಲ್ ಹೇಗೆ ಹಂಚ್ತಾರೆ ಅಂತ ಕೇಳಿ. ಬುಲ್ ಟೆಂಪಲ್ ರೋಡ್ ಪಕ್ಕದಲ್ಲೇ ಮನೆ ಆದರೆ, ಕಾರ್ತಿಕದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ ಸಮಯದಲ್ಲಿ ಕೆಲವು ದಿನ ಕಾರನ್ನ ಮರೆತುಬಿಡಿ. ಮಕ್ಕಳಿಗಂತೂ ಹಬ್ಬ.

ಕೀ ತಗೊಂಡ ದಿನವೇ ಪ್ರತಿ ಗೋಡೆ, ನಲ್ಲಿ, ಬಾಗಿಲಿನ ವಿಡಿಯೋ ಮಾಡಿ ಓನರ್‌ಗೆ ವಾಟ್ಸ್‌ಆ್ಯಪಲ್ಲಿ ಕಳಿಸಿ, ದಿನಾಂಕ ತಾನಾಗೇ ದಾಖಲಾಗತ್ತೆ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ, ಕ್ಯಾಶ್ ಬೇಡ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಎಚ್‌ಆರ್‌ಎ ಕ್ಲೇಮಿಗೆ ಓನರ್‌ ಪ್ಯಾನ್ ಬೇಕು, ಅದನ್ನೂ ಮೊದಲೇ ಕೇಳಿ.

ಬಿಡುವಾಗ ಮೀಟರ್ ರೀಡಿಂಗ್ ಫೋಟೋ ತೆಗೆದು, ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಡಿಲಿಂಕ್ ಮಾಡಿ. ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹಾಕುವಾಗ ತೊಂದರೆ. ಅಡ್ವಾನ್ಸ್ ಕೀ ಕೊಡುವ ದಿನವೇ ವಾಪಸ್ ಅಂತ ಅಗ್ರಿಮೆಂಟಲ್ಲಿ ಇರಲಿ. "ಮುಂದಿನ ತಿಂಗಳು ಕೊಡ್ತೀವಿ" ಅಂದರೆ ಎಷ್ಟು, ಯಾವ ದಿನ ಅಂತ ಮೆಸೇಜಲ್ಲಿ ಬರೆಸಿಕೊಳ್ಳಿ. ಕೊಡದೇ ಹೋದರೆ ಪೊಲೀಸ್ ಠಾಣೆಯಲ್ಲಿ ಸಾಮಾನ್ಯವಾಗಿ ಇದು ಸಿವಿಲ್ ವಿಷಯ ಅಂತಾರೆ. ದಾರಿ ಅಂದರೆ ವಕೀಲರ ನೋಟಿಸ್, ಆಮೇಲೆ ಕೋರ್ಟ್, ಅದೂ ಮೂರು ವರ್ಷದೊಳಗೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಅಗ್ರಿಮೆಂಟ್ ಅಮ್ಮನ ಹೆಸರಲ್ಲೋ ಹೆಂಡತಿ ಹೆಸರಲ್ಲೋ ಇದ್ದರೆ ಅವರೇ ಅಲ್ಲಿಗೆ ಹೋಗಬಹುದು.

ಬಾಡಿಗೆ ಬಿಟ್ಟು ಭೋಗ್ಯಕ್ಕೆ ಹೋದರೆ ಹೇಗೆ ಅನ್ನೋದು ಬೇರೆಯದೇ ಕಥೆ, ಅಲ್ಲಿ ಸಿಕ್ಕಿಹಾಕಿಕೊಳ್ಳೋದು ಎರಡೂವರೆ ಲಕ್ಷ ಅಲ್ಲ, ಇಪ್ಪತ್ತು ಮೂವತ್ತು ಲಕ್ಷ. ಅದು ಮುಂದಿನ ವಾರ.